ವಿಮಾನದ ಸೀಟಿನಿಂದ ಹಿರಿಯರ ಹಾಸಿಗೆಗೆ

ವಿಮಾನದ ಸೀಟಿಗೆಂದು ಮಾಡಿದ ಫೋಮ್ ಇವತ್ತು ಹಾಸಿಗೆ ಹಿಡಿದ ಹಿರಿಯರ ಬೆನ್ನಿನಡಿಗೆ ಬಂದಿದೆ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಎಂಜಿನಿಯರ್ ಚಾರ್ಲ್ಸ್ ಯೋಸ್ಟ್ ಅದನ್ನು ರೂಪಿಸಿದರು. ಅಪಘಾತವಾದರೆ ಸೀಟಿನಲ್ಲಿದ್ದವರಿಗೆ ಪೆಟ್ಟು ಕಡಿಮೆಯಾಗಲಿ ಎಂಬುದು ಉದ್ದೇಶ. ಮೈಭಾರಕ್ಕೂ ಶಾಖಕ್ಕೂ ನಿಧಾನವಾಗಿ ತಗ್ಗುವ ಈ ಫೋಮ್, ಭಾರವೆಲ್ಲ ಒಂದೇ ಕಡೆ ಬೀಳಲು ಬಿಡುವುದಿಲ್ಲ. ಆಸ್ಪತ್ರೆಗಳು ಇದನ್ನು ಒಪ್ಪಿಕೊಂಡದ್ದು ಅದಕ್ಕೇ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಸುತ್ತ ಬೆಳೆದ ವಿಮಾನಪುರದಲ್ಲಿ, ವಿಮಾನ ಕಟ್ಟಿ ನಿವೃತ್ತರಾದವರ ಮನೆಗಳಿಗೆ ಈ ಕಥೆ ದೂರದ್ದಲ್ಲ.

ಆದರೆ ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಆಗುವ ಹಾಸಿಗೆ ಹುಣ್ಣನ್ನು ಮೊದಲು ತಡೆದದ್ದು ಫೋಮ್ ಅಲ್ಲ, ಕೈಗಳು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಏಟು ಬಿದ್ದ ಸೈನಿಕರಲ್ಲಿ ಹೆಚ್ಚಿನವರು ಹುಣ್ಣಿನ ಮತ್ತು ಮೂತ್ರದ ಸೋಂಕಿನಿಂದ ಸತ್ತರು. ಅದು ಹಣೆಬರಹವೆಂದೇ ವೈದ್ಯರೂ ಕೈಚೆಲ್ಲಿದ್ದರು. ನಾಜಿಗಳ ಜರ್ಮನಿ ಬಿಟ್ಟು ಬಂದ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕಟ್ಟುನಿಟ್ಟು ತಂದರು. 1962ರಲ್ಲಿ ಡೊರೀನ್ ನಾರ್ಟನ್ ಎಂಬ ನರ್ಸ್ ಮತ್ತು ಸಂಗಡಿಗರು ವಯಸ್ಸಾದ ರೋಗಿಗಳನ್ನು ಗಮನಿಸಿ, ಮುಲಾಮಿಗಿಂತ ಭಾರ ಇಳಿಸುವುದೇ ಮುಖ್ಯವೆಂದು ತೋರಿಸಿದರು. ಯಾರಿಗೆ ಹುಣ್ಣಾದೀತು ಎಂದು ಮೊದಲೇ ಅಂಕ ಹಾಕಿ ಗುರುತಿಸುವ ಪದ್ಧತಿಯನ್ನೂ ಕೊಟ್ಟರು. 1987ರಲ್ಲಿ ಪ್ರಕಟವಾದ, ಅಂಥದ್ದೇ ಬ್ರೇಡನ್ ಮಾಪಕ ಈಗ ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 18 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಎಚ್ಚರಿಕೆ ಬೇಕು.

ವಿಮಾನಪುರದ ಆಸುಪಾಸಿನಲ್ಲೂ ಈ ಆರೈಕೆಗೆ ನೆಲೆ ಸಿಕ್ಕಿತು. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆ ಎನ್.ಎಸ್. ಹೇಮಾ ಅವರಿಂದ 1959ರಲ್ಲಿ ಶುರುವಾದದ್ದು; ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ಅದರ ಕೆಲಸಗಳಲ್ಲೊಂದು. ಮಾರತ್‌ಹಳ್ಳಿಯ ಕರುಣಾಶ್ರಯ 1999ರಿಂದ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿದೆ. ಸಾವು ಹತ್ತಿರವಾದಾಗ ಎಷ್ಟು ಜೋಪಾನ ಮಾಡಿದರೂ ಕೆಲವು ಹುಣ್ಣು ಆಗಿಯೇ ಆಗುತ್ತವೆ. ಆಗ ವಾಸಿ ಮಾಡುವ ಹಟ ಬಿಟ್ಟು, ನೋವು ಮತ್ತು ವಾಸನೆ ತಗ್ಗಿಸುವುದೇ ಆರೈಕೆ. ಉಳಿದವರ ವಿಷಯದಲ್ಲಿ ಆ ಮಾತು ನೆಪವಾಗಬಾರದು.

ಹುಣ್ಣು ಬೀಳುವುದು ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದಾಗ. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿಗಳನ್ನು ದಿನವೂ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗ ಬಿಳಚಿಕೊಳ್ಳದೆ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಕೆಂಪು ಕಾಣದೆಯೂ ಇರಬಹುದು. ಮುಟ್ಟಿದರೆ ಸುತ್ತಲಿಗಿಂತ ಬಿಸಿಯೋ ಗಟ್ಟಿಯೋ ಅನಿಸಿದರೂ ಅದೇ ಎಚ್ಚರಿಕೆ. ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕುವ ಹಳೇ ರೂಢಿ ಇನ್ನೂ ಇದೆ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಉಂಗುರದಂಥ ಗಾಳಿದಿಂಬೂ ಬೇಡ, ಅದು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆಯಾಗಿ ಮಲಗಿಸಿ. ಮೀನಖಂಡದಡಿ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಎಳೆಯಬೇಡಿ, ಇಬ್ಬರು ಸೇರಿ ಹಾಸುಬಟ್ಟೆ ಹಿಡಿದು ಎತ್ತಿ. ಒದ್ದೆ ಡೈಪರ್ ತಕ್ಷಣ ಬದಲಿಸಿ. ತಟ್ಟೆಯಲ್ಲಿ ಬೇಳೆ, ಮೊಸರು, ಮೊಟ್ಟೆ ಇರಲಿ.

ಎಲ್ಲರಿಗೂ ಎರಡೇ ಗಂಟೆ ಎಂಬ ನಿಯಮ ಈಗ ಸಡಿಲವಾಗಿದೆ. ಚರ್ಮ, ಹಾಸಿಗೆ, ರೋಗಿಯ ಸ್ಥಿತಿ ನೋಡಿ ಅವಧಿ ಗೊತ್ತುಮಾಡುತ್ತಾರೆ. ಏರ್‌ಬೆಡ್ ಹಾಕಿದ ಮೇಲೆ ಮಗ್ಗುಲು ಬದಲಿಸುವುದೇ ಬೇಡವೆಂದು ತಿಳಿಯುವುದು ಮಾತ್ರ ದೊಡ್ಡ ತಪ್ಪು. ಅಮ್ಮನನ್ನೋ ಅಪ್ಪನನ್ನೋ ವೃದ್ಧಾಶ್ರಮಕ್ಕೆ ಸೇರಿಸುವ ಮುನ್ನ ರೂಮಿನ ಟಿವಿ, ಟೈಲ್ಸ್ ಆಮೇಲೆ ನೋಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಆಯಾಗಳಿದ್ದಾರೆ ಎಂದು ಕೇಳಿ, ಮಗ್ಗುಲು ಬದಲಿಸಿದ ಸಮಯ ಬರೆದಿಟ್ಟ ಪುಸ್ತಕ ತೋರಿಸಲು ಹೇಳಿ.