ಕಂಪು ಎಂದರೆ ಪಕ್ಕದ ಮನೆಯವರು ಮುನಿದಾರು!



ಹೈದರಾಬಾದಿನಲ್ಲಿರುವ ನಮ್ಮವರಿಗೆ ಮೊದಲೇ ಒಂದು ಎಚ್ಚರಿಕೆ. ನೆರೆಮನೆಯ ತೆಲುಗಿನವರು ಮುಡಿದ ಮಲ್ಲಿಗೆಯನ್ನು ಹೊಗಳುವ ಭರದಲ್ಲಿ 'ಎಂಥಾ ಕಂಪು!' ಅಂದುಬಿಟ್ಟೀರಿ, ಜೋಕೆ! ಇಂದಿನ ತೆಲುಗಿನಲ್ಲಿ ಕಂಪು ಎಂದರೆ ದುರ್ನಾತ. ಕಸದ ತೊಟ್ಟಿಯ ಪಕ್ಕ ಮೂಗು ಮುಚ್ಚಿಕೊಂಡು ಆಡುವ ಮಾತು ಅದು. ಒಳ್ಳೆಯ ವಾಸನೆಗೆ ಅವರು 'ಕಮ್ಮನಿ' ಎನ್ನುತ್ತಾರೆ. ಅದು ನಮ್ಮ 'ಕಮ್ಮಗೆ'ಯ ನೆಂಟ.

ಚೆನ್ನೈನಲ್ಲಿ ಇನ್ನೊಂದು ಪೇಚು. ತಮಿಳರು 'ಮಲ್ಲಿಗೈ ವಾಸನೈ' ಎಂದು ಮೆಚ್ಚಿ ಹೇಳುತ್ತಾರೆ. ನಾವು 'ಹಾಲು ವಾಸನೆ ಬಂದಿದೆ' ಎಂದರೆ ಚೆಲ್ಲಿಬಿಡಿ ಎಂದೇ ಅರ್ಥ. ಬರೀ ವಾಸನೆ ಎಂದಾಗ ಕನ್ನಡಿಗರ ಮೂಗು ಮೊದಲು ಸೊಟ್ಟಗಾಗುತ್ತದೆ. (ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಗೆ ಮಾತ್ರ ರಿಯಾಯಿತಿ!) ಅದೇ ಆಂಡಾಳ್ ತನ್ನ ತಿರುಪ್ಪಾವೈಯಲ್ಲಿ ನಾರಾಯಣನ ಮುಡಿಯ ತುಳಸಿಯ ಸುವಾಸನೆಗೆ ಬಳಸಿದ್ದು 'ನಾಟ್ರಂ' ಎಂಬ ಪದದ ರೂಪವನ್ನೇ. ಈಗ ಚೆನ್ನೈನ ಬೀದಿಯಲ್ಲಿ ಆ ಪದಕ್ಕೆ ನಮ್ಮ 'ನಾತ'ದ ಅರ್ಥವೇ ಗಟ್ಟಿ. ನಾವೂ ಕಡಿಮೆಯೇನಲ್ಲ. 'ನಾರುತ್ತಿದೆ' ಎಂದರೆ ಬೈಗುಳ, 'ನರುಗಂಪು' ಎಂದರೆ ಕವಿಗಳ ಹೊಗಳಿಕೆ. ಎರಡೂ ಒಂದೇ ಬೇರಿನ ಚಿಗುರು.

ಇಷ್ಟೆಲ್ಲ ಪದಗಳಿದ್ದರೂ ನಮ್ಮ ಮಹಾನಗರದ ಮಕ್ಕಳಿಗೆ ಊದುಬತ್ತಿಯೂ 'ಸ್ಮೆಲ್', ಒದ್ದೆ ಕಾಲುಚೀಲವೂ 'ಸ್ಮೆಲ್'!

ಕನ್ನಡದಲ್ಲಿ ಯಾವುದು ಎಲ್ಲಿಗೆ ಹೊಂದುತ್ತದೆ ನೋಡಿ. ಕಂಪು ಹೂವಿಗೆ, ಗಾಳಿಗೆ ಸೇರಿದ್ದು. ಮೆಲ್ಲಗೆ ತೇಲಿ ಬರುವಂಥದು. ಶ್ರೀಗಂಧದ ಕಂಪು, ಕನ್ನಡದ ಕಂಪು ಎನ್ನುತ್ತೇವೆ, ಆದರೆ ಸಾರಿನ ಕಂಪು ಎಂದು ಯಾರೂ ಅನ್ನುವುದಿಲ್ಲ. ಸಾರಿಗೆ ಬೇಕಾದದ್ದು 'ಘಮ'. ಇಂಗು, ಕರಿಬೇವಿನ ಒಗ್ಗರಣೆ ಬಿದ್ದೊಡನೆ ಮನೆಯೆಲ್ಲ ಘಮ್ಮೆನ್ನುತ್ತದೆ. ಹೊಸದಾಗಿ ಪುಡಿ ಮಾಡಿದ ಕಾಫಿಯೂ ಘಮಘಮಿಸುತ್ತದೆ. ಮುಂಬೈ, ಪುಣೆಯವರಿಗೆ ಇದನ್ನು ವಿವರಿಸುವ ಕಷ್ಟವಿಲ್ಲ, ಮರಾಠಿಯಲ್ಲೂ 'ಘಮಘಮಾಟ' ಇದೆಯಲ್ಲ!

ಪರಿಮಳದ ಕತೆ ಸ್ವಾರಸ್ಯವಾದದ್ದು. ಸಂಸ್ಕೃತದ ಅಮರಕೋಶದ ಪ್ರಕಾರ ಪರಿಮಳವೆಂದರೆ ಉಜ್ಜಿದಾಗ, ತೇದಾಗ ಹೊಮ್ಮುವ ಮನೋಹರ ಗಂಧ. ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುವುದನ್ನು ನೆನೆಸಿಕೊಳ್ಳಿ. 'ನ್ಯಾಯಸುಧಾ' ಗ್ರಂಥಕ್ಕೆ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳು ಬರೆದ ವ್ಯಾಖ್ಯಾನದ ಹೆಸರೂ 'ಪರಿಮಳ'. ಅದರಿಂದಲೇ ಅವರು ಪರಿಮಳಾಚಾರ್ಯರು. ಮೈಸೂರು ಸೀಮೆಯವರಿಗೆ ಈ ಪದ ಕೊಂಚ ಪುಸ್ತಕದ್ದೆನಿಸಬಹುದು. ಉಡುಪಿ, ಮಂಗಳೂರಿನವರಿಗೆ ಹಾಗಲ್ಲ. 'ಸಾಂಬಾರು ಒಳ್ಳೆ ಪರಿಮಳ ಬರ್ತಾ ಉಂಟು' ಎಂಬ ಮಾತು ಮುಂಬೈಯ ನಮ್ಮ ಹೋಟೆಲುಗಳ ಅಡುಗೆಮನೆಯಲ್ಲೂ ಕೇಳೀತು.

ಸುಗಂಧ, ಸೌರಭ ಎರಡೂ ಸಂಸ್ಕೃತದಿಂದ ಬಂದವು. ಸೌರಭ ಪದ್ಯಕ್ಕೆ ಸರಿ. ಸುಗಂಧ ಹೆಚ್ಚಾಗಿ ಊದುಬತ್ತಿ, ಅತ್ತರಿನ ಜೊತೆಗಾರ. ಅಂದಹಾಗೆ ದೆಹಲಿಯ ಕೇಳುಗರೇ, ಅಲ್ಲಿ ಹೂವಿನಂಗಡಿಯಲ್ಲಿ ಸುಗಂಧರಾಜ ಕೇಳಿದರೆ ಸಿಗಲಿಕ್ಕಿಲ್ಲ. 'ರಜನಿಗಂಧಾ' ಎಂದು ಕೇಳಿ, ಅದೇ ಹೂವು ಕೊಡುತ್ತಾರೆ.