ಓಲೆಗರಿಯ ಛಾಯಾಚಿತ್ರವೂ ತಂತ್ರಾಂಶದ ನೆರವೂ

ಪ್ರಾಚೀನ ಗ್ರಂಥಗಳನ್ನು ಪರಿಶೋಧಿಸುವವರು ಈಗ ಎಷ್ಟೋ ವೇಳೆ ಓಲೆಗರಿಯ ಬದಲು ಅದರ ಛಾಯಾಚಿತ್ರವನ್ನೇ ಎದುರಿಗಿಟ್ಟುಕೊಂಡು ಓದುತ್ತಾರೆ. ಕಂಟದಿಂದ ಕೊರೆದ ಗೆರೆಗಳ ಮಸಿ ಮಾಸಿ, ಗರಿಯೂ ಕಂದಿದಾಗ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ ತೀರ ಕಿರಿದಾಗುತ್ತದೆ. ಈ ಅಂತರವನ್ನು ಹಿಗ್ಗಿಸಿ ತೋರಿಸಲು ಫೋಟೋಶಾಪ್, ಗಿಂಪ್ ಮೊದಲಾದ ತಂತ್ರಾಂಶಗಳಿವೆ. ಗಿಂಪ್ 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ್ದು. ಬೆಲೆಯಿಲ್ಲದೆ ದೊರೆಯುವುದರಿಂದ ನಮ್ಮ ಕಾಲೇಜುಗಳಿಗೆ ಅನುಕೂಲವಾದದ್ದು.

ಕೆಲಸ ತೊಡಕಿದಾಗ ಬಲ್ಲವರನ್ನು ಕೇಳುವುದು ಸಹಜ. ಆದರೆ "ಅಕ್ಷರ ಕಾಣುತ್ತಿಲ್ಲ, ಏನು ಮಾಡಲಿ?" ಎಂದಷ್ಟೇ ಕೇಳುವುದು, ವೈದ್ಯನ ಮುಂದೆ "ಮೈ ಸರಿಯಿಲ್ಲ" ಎಂದು ಹೇಳಿ ಸುಮ್ಮನೆ ಕುಳಿತಂತೆ. ತಂತ್ರಾಂಶದ ಆವೃತ್ತಿಯನ್ನು ಮೊದಲು ತಿಳಿಸತಕ್ಕದ್ದು. 2018ರಲ್ಲಿ ಬಂದ ಗಿಂಪ್ 2.10ರಿಂದೀಚೆಗೆ 16 ಬಿಟ್ಟಿನ ಚಿತ್ರಗಳನ್ನು ಅದರಲ್ಲಿ ತಿದ್ದಬಹುದು. ಅದಕ್ಕೂ ಹಳೆಯದನ್ನು ಬಳಸುವವನಿಗೆ ಈ ಸಲಹೆ ಉಪಯೋಗಕ್ಕೆ ಬಾರದು. 8 ಬಿಟ್ಟಿನಲ್ಲಿ ಪ್ರತಿ ವರ್ಣಕ್ಕೂ 256 ಮೆಟ್ಟಿಲುಗಳು, 16ರಲ್ಲಿ 65,536. ಮಾಸಿದ ಗೆರೆಯನ್ನು ಎತ್ತಿ ತೋರಿಸುವಾಗ ಈ ವ್ಯತ್ಯಾಸ ಅಲ್ಪವಲ್ಲ.

ಇನ್ನು ಕಡತದ ವಿಷಯ. ಜೆಪೆಗ್ ವಿಧಾನವು ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ವಿಂಗಡಿಸಿ ಸೂಕ್ಷ್ಮಾಂಶಗಳನ್ನು ಕೈಬಿಡುತ್ತದೆ. ಕೈಬಿಟ್ಟದ್ದು ಮರಳಿ ಬಾರದು. ಆದುದರಿಂದ ನೆರವು ಕೇಳುವವನು ಮೂಲ ಕಡತವನ್ನೇ, ಸಾಧ್ಯವಿದ್ದರೆ ಟಿಫ್ ರೂಪದಲ್ಲಿ, ಕಳುಹಿಸಬೇಕು. ತಾನು ಆಗಲೇ ಮಾಡಿದ ತಿದ್ದುಪಡಿಗಳನ್ನು ಕ್ರಮವಾಗಿ ಬರೆದು ಜೊತೆಗಿಡಬೇಕು.

ಗ್ರಂಥಸಂಪಾದಕನಿಗೆ ನಿಜವಾದ ಅಪಾಯವಿರುವುದು ಒಳ್ಳೆಯ ಮನಸ್ಸಿನಿಂದ ದೊರೆತ ನೆರವಿನಲ್ಲಿ. ಕನ್ನಡ ಲಿಪಿಯನ್ನರಿಯದ ಸಹಾಯಕನೊಬ್ಬನು ಕಲೆಗಳನ್ನು ಅಳಿಸುವ ಸಾಧನದಿಂದ ಗರಿಯನ್ನು ಚೊಕ್ಕಟಗೊಳಿಸಿದನೆನ್ನಿ. ಆ ಸಾಧನವು ಪಕ್ಕದ ಭಾಗವನ್ನು ತಂದು ಕಲೆಯ ಮೇಲೆ ತೇಪೆ ಹಾಕುತ್ತದೆ. ಹುಳು ಕೊರೆದ ತೂತು ಮುಚ್ಚಿದಂತೆಯೇ ಸೊನ್ನೆಯೂ ಮುಚ್ಚಿಹೋಗಬಹುದು. 'ಅರಸಂ' ಎಂಬುದು 'ಅರಸ' ಆಗಿ, ಯಾವ ಲಿಪಿಕಾರನೂ ಬರೆಯದ ಪಾಠಾಂತರವೊಂದು ಹುಟ್ಟುತ್ತದೆ! ಕಲಿತ ಚಿತ್ರಗಳ ಆಧಾರದಿಂದ ವಿವರಗಳನ್ನು ತಾನೇ ಊಹಿಸಿ ತುಂಬುವ ಕೃತಕ ಬುದ್ಧಿಯ ಸಾಧನಗಳಂತೂ ಪಾಠನಿರ್ಣಯಕ್ಕೆ ಸರ್ವಥಾ ಸಲ್ಲವೆಂದೇ ನನ್ನ ಅಭಿಪ್ರಾಯ. ಚಿತ್ರದ ಎಲ್ಲ ಭಾಗಕ್ಕೂ ಒಂದೇ ಸಮನಾಗಿ ಅನ್ವಯಿಸುವ ತಿದ್ದುಪಡಿಗಳನ್ನು ಮಾತ್ರ ಕೋರಿ, ಬಳಸಿದ ಅಂಕಿಗಳನ್ನೂ ಬರೆದು ಕೊಡುವಂತೆ ಕೇಳಿಕೊಳ್ಳಬೇಕು.

ಅಂಥ ತಿದ್ದುಪಡಿಗಳಲ್ಲಿ ಸರಳವಾದದ್ದೊಂದುಂಟು. ಚಿತ್ರವನ್ನು ಕೆಂಪು, ಹಸಿರು, ನೀಲಿಗಳಾಗಿ ಬೇರ್ಪಡಿಸಿ ಕೆಂಪಿನ ಪದರವನ್ನಷ್ಟೇ ನೋಡುವುದು. ಹಳದಿ ಕಂದು ಬಣ್ಣದ ಗರಿ ಅದರಲ್ಲಿ ಬೆಳ್ಳಗೆ ಕಾಣುತ್ತದೆ, ಕಂದು ಕಲೆಗಳು ಹಿಂದೆ ಸರಿಯುತ್ತವೆ, ಕಾಡಿಗೆಯ ಮಸಿ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಮಸಿ ಪೂರ್ತಿ ಉದುರಿದ್ದರೆ ಈ ಉಪಾಯವೂ ನಡೆಯದು. ಆಗ ದೀಪವನ್ನು ಒಂದು ಬದಿಯಿಂದ ಓರೆಯಾಗಿ ಹಿಡಿದು, ಕೊರೆದ ಗೆರೆಯಲ್ಲಿ ನೆರಳು ಬೀಳುವಂತೆ ಹೊಸದಾಗಿ ಛಾಯಾಚಿತ್ರ ತೆಗೆಯಬೇಕು.