ಪೋಷಕರು ಎಂದರೆ ಯಾರು? ದತ್ತು ಮಕ್ಕಳ ಬಗ್ಗೆ ತರಗತಿಯಲ್ಲಿರುವ ತಪ್ಪು ಕಲ್ಪನೆಗಳು

ಶಾಲೆ ಶುರುವಾದ ಕೆಲವೇ ವಾರಗಳಲ್ಲಿ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಸ್ಟೇಷನರಿ ಅಂಗಡಿಗಳಲ್ಲಿ ಮಕ್ಕಳು ಚಾರ್ಟ್ ಪೇಪರ್ ಕೇಳಿಕೊಂಡು ಬರುತ್ತಾರೆ. ಪರಿಸರ ಅಧ್ಯಯನದಲ್ಲಿ ಕುಟುಂಬದ ಪಾಠ; ಹೋಂವರ್ಕ್ ವಂಶವೃಕ್ಷ. ‘ಹುಟ್ಟಿದಾಗಿನ ಫೋಟೊ ಅಂಟಿಸಿ, ನೀವು ನೋಡಲು ಯಾರ ಹಾಗಿದ್ದೀರಿ ಬರೆಯಿರಿ.’ ದತ್ತು ಬಂದ ಮಗುವಿನ ಪೆನ್ಸಿಲ್ ನಿಂತುಹೋಗುವುದು ಇಲ್ಲಿಯೇ. ಆ ಮಗುವಿಗೆ ನೋವಾಗಲಿ ಎಂದು ಯಾವ ಶಿಕ್ಷಕಿಯೂ ಬಯಸುವುದಿಲ್ಲ. ನೋವು ಕೊಡುವುದು ನಾವು ಪ್ರಶ್ನಿಸದೆ ಉಳಿಸಿಕೊಂಡ ನಂಬಿಕೆಗಳು.

ತಪ್ಪು ಕಲ್ಪನೆ 1: ದತ್ತು ಮಗು ‘ಸ್ವಂತ’ ಮಗುವಲ್ಲ.

ವಾಸ್ತವ: ಬಾಲನ್ಯಾಯ ಕಾಯ್ದೆ 2015ರ 63ನೇ ಸೆಕ್ಷನ್ ಪ್ರಕಾರ, ದತ್ತು ಆದೇಶ ಜಾರಿಯಾದ ದಿನದಿಂದ ಆ ಮಗು ದತ್ತು ಪಡೆದವರಿಗೇ ಹುಟ್ಟಿದ ಮಗುವಿಗೆ ಸಮ. ಈ ಆದೇಶವನ್ನು 2022ರ ಸೆಪ್ಟೆಂಬರ್‌ವರೆಗೆ ನ್ಯಾಯಾಲಯ ಕೊಡುತ್ತಿತ್ತು. ಈಗ ಜಿಲ್ಲಾಧಿಕಾರಿ ಕೊಡುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮ ಎಂದು ಬರುವುದು ದತ್ತು ಪಡೆದವರ ಹೆಸರೇ. ‘ಇವನ ನಿಜವಾದ ಅಮ್ಮ ಯಾರು?’ ಎಂಬ ಪ್ರಶ್ನೆಗೆ ಉತ್ತರ ಒಂದೇ: ದಿನವೂ ಬಂದು ಕರೆದುಕೊಂಡು ಹೋಗುವವರು. ಇನ್ನೊಬ್ಬರ ಮಾತು ಬಂದರೆ ‘ಜನ್ಮ ಕೊಟ್ಟ ತಾಯಿ’ ಎನ್ನೋಣ.

ತಪ್ಪು ಕಲ್ಪನೆ 2: ಮಗುವಿಗೆ ಗೊತ್ತಾಗದಂತೆ ಮುಚ್ಚಿಡುವುದೇ ಒಳ್ಳೆಯದು.

ವಾಸ್ತವ: ಚಿಕ್ಕಂದಿನಿಂದಲೇ, ವಯಸ್ಸಿಗೆ ತಕ್ಕ ಮಾತಿನಲ್ಲಿ ಹೇಳುತ್ತ ಬನ್ನಿ ಎಂಬುದೇ ದತ್ತು ಆಪ್ತಸಮಾಲೋಚಕರ ಸಲಹೆ. 18 ತುಂಬಿದ ಮೇಲೆ ತನ್ನ ಮೂಲವನ್ನು ತಾನೇ ಹುಡುಕಲು ಅರ್ಜಿ ಹಾಕುವ ಅವಕಾಶವನ್ನೂ ದತ್ತು ನಿಯಮಗಳು ಕೊಟ್ಟಿವೆ. ಆದರೆ ಹೇಳುವ ಕೆಲಸ ಮನೆಯವರದು, ಶಾಲೆಯದಲ್ಲ. ಮುಚ್ಚಿಡುವುದು ಬೇರೆ, ಮಗುವಿನ ಮಾತನ್ನು ಕಾಪಾಡುವುದು ಬೇರೆ. ಅದು ಸ್ಟಾಫ್ ರೂಮಿನ ಸುದ್ದಿಯಾಗಬಾರದು. ಮಗುವೇ ‘ಮಿಸ್, ನಾನು ದತ್ತು ಬಂದವಳು’ ಎಂದರೆ ‘ಹೌದಾ ಪುಟ್ಟ, ಹೇಳಿದ್ದು ಒಳ್ಳೆಯದಾಯಿತು’ ಎಂದರೆ ಸಾಕು.

ತಪ್ಪು ಕಲ್ಪನೆ 3: ವಂಶವೃಕ್ಷ ಎಲ್ಲ ಮಕ್ಕಳೂ ಮಾಡಬಹುದಾದ ಸುಲಭದ ಚಟುವಟಿಕೆ.

ವಾಸ್ತವ: ನಾಲ್ಕನೇ ವಯಸ್ಸಿನಲ್ಲಿ ಮನೆಗೆ ಬಂದ ಮಗುವಿಗೆ ತೊಟ್ಟಿಲ ಫೋಟೊ ಎಲ್ಲಿಂದ ಬರಬೇಕು? ಕಷ್ಟ ಅದೊಂದಕ್ಕೇ ಅಲ್ಲ. ಅದೇ ಬೆಂಚಿನಲ್ಲಿ ವರ್ಗವಾಗಿ ದೂರ ಹೋದ ವಾಯುಪಡೆಯ ಅಪ್ಪನ ಮಗಳಿರುತ್ತಾಳೆ. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ, ಯಶವಂತಪುರ ಎಪಿಎಂಸಿ ಯಾರ್ಡಿನ ಹಮಾಲಿಯ ಮೊಮ್ಮಗ, ಅಮ್ಮ ಒಬ್ಬರೇ ಸಾಕುತ್ತಿರುವ ಹುಡುಗಿ, ಎಲ್ಲರೂ ಇರುತ್ತಾರೆ. ‘ನನ್ನನ್ನು ನೋಡಿಕೊಳ್ಳುವವರು’ ಎಂದು ಚಿತ್ರ ಬರೆಸಿ. ‘ನಿನಗೆ ಇಷ್ಟವಾದ ಯಾವುದಾದರೂ ಫೋಟೊ ತಾ’ ಎನ್ನಿ. ಪಾಠ ಅದೇ, ಹೊರಗುಳಿಯುವವರು ಯಾರೂ ಇಲ್ಲ.

ಇದು ಹೊಸ ಮಾತೂ ಅಲ್ಲ. 2024ರಲ್ಲಿ ಬದಲಾಗುವವರೆಗೂ ಎನ್‌ಸಿಇಆರ್‌ಟಿಯ ಮೂರನೇ ತರಗತಿಯ ಪರಿಸರ ಅಧ್ಯಯನ ಪುಸ್ತಕದಲ್ಲಿ ಬಗೆಬಗೆಯ ಕುಟುಂಬಗಳ ಬಗ್ಗೆಯೇ ಒಂದು ಪಾಠವಿತ್ತು. ಅದರಲ್ಲಿ ಬರುವ ತಾರಾ, ಮದುವೆಯಾಗದ ಮೀನಾಕ್ಷಿ ಎಂಬವರು ದತ್ತು ಪಡೆದ ಮಗಳು, ತಾತನೂ ಜೊತೆಗಿದ್ದಾರೆ. ಅಷ್ಟು ಸಹಜವಾಗಿ ಹೇಳಿದರೆ ಮಕ್ಕಳೂ ಅಷ್ಟೇ ಸಹಜವಾಗಿ ಕೇಳುತ್ತಾರೆ.

ತಪ್ಪು ಕಲ್ಪನೆ 4: ಓದಿನಲ್ಲಿ ಹಿಂದೆ ಬಿದ್ದರೆ, ಹಟ ಮಾಡಿದರೆ ದತ್ತೇ ಕಾರಣ.

ವಾಸ್ತವ: ಮಗ್ಗಿ ತಪ್ಪುವುದು, ಜಗಳವಾಡುವುದು ಎಲ್ಲ ಮಕ್ಕಳಲ್ಲೂ ಇದೆ. ತಡವಾಗಿ ದತ್ತು ಬಂದ ಮಗುವಿಗೆ ಮಾತ್ರ ಸ್ವಲ್ಪ ಹೆಚ್ಚು ಸಮಯ ಬೇಕಾಗಬಹುದು. ಬೇರೆ ರಾಜ್ಯದಿಂದ ಬಂದಿದ್ದರೆ ಅದರ ಮೊದಲ ಭಾಷೆಯೇ ಬೇರೆ. ಸಂಜೆ ಕರೆದೊಯ್ಯಲು ಹತ್ತು ನಿಮಿಷ ತಡವಾದರೆ ಅದು ಹೆದರಬಹುದು. ಆಗ ಪಕ್ಕದಲ್ಲಿ ಕೂತು ‘ಅಮ್ಮ ಬರ್ತಾರೆ’ ಎನ್ನುವ ಒಬ್ಬರು ಬೇಕು. ‘ಅಂಥವರು ಹೀಗೇ’ ಎಂದು ಹಣೆಪಟ್ಟಿ ಹಚ್ಚಿದರೆ ನಿಜವಾದ ಕಾರಣ ಹುಡುಕುವುದೇ ನಿಂತುಹೋಗುತ್ತದೆ.

ತಪ್ಪು ಕಲ್ಪನೆ 5: ‘ಎಷ್ಟು ಪುಣ್ಯ ಮಾಡಿದ್ದೀಯ!’ ಎನ್ನುವುದು ಮೆಚ್ಚುಗೆ.

ವಾಸ್ತವ: ಅದು ಮಗುವಿನ ತಲೆಯ ಮೇಲೆ ಋಣ ಹೊರಿಸುವ ಮಾತು. ಉಳಿದ ಮಕ್ಕಳು ಅಪ್ಪ ಅಮ್ಮನ ಪ್ರೀತಿಗೆ ದಿನವೂ ಕೃತಜ್ಞತೆ ಸಲ್ಲಿಸಬೇಕಿಲ್ಲ. ಈ ಮಗುವೂ ಸಲ್ಲಿಸಬೇಕಿಲ್ಲ.

ತಪ್ಪು ಕಲ್ಪನೆ 6: ದತ್ತು ಎಂದರೆ ಚಿಕ್ಕ ಮಕ್ಕಳಿಗೆ ಅರ್ಥವಾಗದು.

ವಾಸ್ತವ: ಕಿತ್ತೂರು ಚೆನ್ನಮ್ಮನ ಕಥೆ ನಮ್ಮ ಮಕ್ಕಳಿಗೆ ಗೊತ್ತು. 1824ರಲ್ಲಿ ಶಿವಲಿಂಗಪ್ಪನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡದಿದ್ದದ್ದು ಅನ್ಯಾಯ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ದತ್ತು ಪಡೆದ ಚಾಮರಾಜೇಂದ್ರ ಒಡೆಯರಿಗೇ 1881ರಲ್ಲಿ ಮೈಸೂರಿನ ಆಡಳಿತ ಮರಳಿತು. ಈ ಕಥೆ ಹೇಳುವಾಗ ‘ನಮ್ಮ ಕ್ಲಾಸಿನಲ್ಲೂ ಒಬ್ಬರಿದ್ದಾರೆ’ ಎಂದು ಬೆರಳು ತೋರಿಸಬೇಡಿ. ಚುಡಾಯಿಸುವವರನ್ನು ಅಲ್ಲೇ ತಡೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಶಿಕ್ಷಕರ ಚುಚ್ಚುಮಾತೂ ಕಿರುಕುಳವೇ.

ನಮ್ಮ ಶಾಲೆಗಳು ಸಭೆಗೆ ಕರೆಯುವಾಗ ‘ಹೆತ್ತವರ ಸಭೆ’ ಎನ್ನುವುದಿಲ್ಲ, ‘ಪೋಷಕರ ಸಭೆ’ ಎನ್ನುತ್ತವೆ. ಪೋಷಿಸುವವರು ಪೋಷಕರು. ನೋಟಿಸ್ ಬೋರ್ಡಿನಲ್ಲಿ ಬರೆದಿರುವ ಆ ಪದದ ಅರ್ಥವನ್ನು ತರಗತಿಯೊಳಗೂ ತನ್ನಿ ಎಂಬುದೊಂದೇ ಶಿಕ್ಷಕರಲ್ಲಿ ನನ್ನ ವಿನಂತಿ.